ಒಂದು ಗೇಣು ಎತ್ತರ

ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಒಂದು ಭೂಪಟವಿತ್ತು. ಅದರ ಮೇಲಿನ ಕೆಂಪು ಪೆನ್ಸಿಲ್ಲಿನ ಗೆರೆ ನಮ್ಮ ಫ್ರೀಸ್‌ಲಾಂಡಿನ ಕೆರೆಗಳಿಂದ ಹೊರಟು, ಮಾಸ್ ನದಿ ಹಿಡಿದು, ಬೆಲ್ಜಿಯಂ ದಾಟಿ, ಫ್ರಾನ್ಸಿನ ಕಾಲುವೆಗಳೊಳಗೆ ನುಸುಳಿ, ಬರ್ಗಂಡಿಯ ಕಾಡಿನ ನಡುವೆ ಒಂದು ಗುಡ್ಡದ ನೆತ್ತಿಗೆ ಹೋಗಿ ನಿಲ್ಲುತ್ತಿತ್ತು. ಗೆರೆ ಎಳೆದವನು ನನ್ನ ಮೊದಲ ಗಂಡ ಗೊಸ್ಸೆ. ಆ ಗೆರೆಯ ಕೆಳಗೆ ಕೂತು ಈಗ ಕಾಫಿ ಕುಡಿಯುತ್ತಿದ್ದವನು ನನ್ನ ಎರಡನೆಯ ಗಂಡ ಓನೆ. ಗೊಸ್ಸೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಓನೆ ಈ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ನಮ್ಮ ಕಡೆ ಗುಡ್ಡ ಅನ್ನುವುದೇ ಇಲ್ಲ. ಇದ್ದುದರಲ್ಲಿ ಎತ್ತರದ್ದು ಸಮುದ್ರದ ಒಡ್ಡು, ಅದರ ಮೇಲೆ ಕುರಿ ಮೇಯುತ್ತವೆ. ಹಾಗಿರುವಾಗ ನೀರು ಗುಡ್ಡ ಹತ್ತುತ್ತದೆ ಎಂದರೆ ಯಾರು ನಂಬುತ್ತಾರೆ? ಗೇಟಿನಿಂದ ಗೇಟಿಗೆ ನೀರು ತುಂಬಿಸಿ ದೋಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲೆತ್ತುತ್ತಾರಂತೆ, ತುದಿಯಲ್ಲಿ ಕಾಲುವೆ ಗುಡ್ಡದ ಹೊಟ್ಟೆಯೊಳಗೇ ಹಾದು ಹೋಗುತ್ತದಂತೆ. ಅದನ್ನು ಕಣ್ಣಾರೆ ನೋಡಬೇಕು, ನಮ್ಮದೇ ದೋಣಿಯಲ್ಲಿ ಹತ್ತಿ ನೋಡಬೇಕು ಎನ್ನುವುದು ಗೊಸ್ಸೆಯ ಆಸೆ. ಆಸೆ ಅವನ ಜೊತೆ ಮಣ್ಣಾಗುವುದು ನನಗೆ ಬೇಕಿರಲಿಲ್ಲ. ಓನೆಯನ್ನು ಮದುವೆಯಾಗುವ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದೆ, "ನಾನು ಆ ಗುಡ್ಡ ಹತ್ತೋಳೇ. ನೀನು ಬರೋದಾದ್ರೆ ಬಾ." ಅವನು ಬರುತ್ತೇನೆ ಎಂದಿದ್ದ.

ಆ ಚಳಿಗಾಲವೆಲ್ಲ ನಮಗೆ ಪ್ರಯಾಣದ್ದೇ ಧ್ಯಾನ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮನೆಯನ್ನು ಒಬ್ಬ ನರ್ಸ್‌ಗೆ ಬಾಡಿಗೆಗೆ ಕೊಟ್ಟಾಗಿತ್ತು, ಅವಳ ಸಾಮಾನಿಗೆ ಕಪಾಟು ಖಾಲಿ ಮಾಡಿಯೂ ಆಗಿತ್ತು. ಓನೆ ಗಡ್ಡ ಹೆರೆದುಕೊಳ್ಳುವಾಗ ಫ್ರೆಂಚ್ ಪಾಠದ ಕ್ಯಾಸೆಟ್ಟು ಹಾಕಿಕೊಳ್ಳುತ್ತಿದ್ದ. ಬಚ್ಚಲಿನಿಂದ "ಎರಡು ಬ್ರೆಡ್ಡು ಕೊಡಿ, ಗೇಟು ಯಾವಾಗ ತೆಗೀತೀರಿ" ಎಂದು ನೂರು ಸಲ ಕೇಳಿಸಿ, ನನಗೇ ಆ ಭಾಷೆ ಬಂದುಬಿಟ್ಟಿತ್ತು. ಎಂಜಿನ್ ನನ್ನ ಪಾಲು, ಡೀಸೆಲ್ ಲೆಕ್ಕ ನನ್ನ ಪಾಲು. ಕಿಟಕಿಯೆಲ್ಲ ಅವನ ಪಾಲು. ಜೀವಮಾನವೆಲ್ಲ ಮನೆಮನೆಗೆ ಗಾಜು ಕೂರಿಸಿದವನು ಅವನು. ಗಾಜಿನವರಿಗೆ ಒಂದು ಕಾಯಿಲೆ ಇರುತ್ತದೆ, ಯಾವುದನ್ನೂ ಅಳೆಯದೆ ನಂಬುವುದಿಲ್ಲ.

ಜನವರಿಯ ಒಂದು ಭಾನುವಾರ ಹಿಸ್ಕೆ ಕಾಫಿಗೆ ಬಂದಿದ್ದಳು. ಹಿಸ್ಕೆ ಗೊಸ್ಸೆಯ ತಂಗಿ, ಪಕ್ಕದ ಮನೆಯವಳು. ಅಣ್ಣನ ಹಾಗೆಯೇ ಗಿಡ್ಡ, ಅಣ್ಣನ ಹಾಗೆಯೇ ನೀಲಿ ಕಣ್ಣು, ಆದರೆ ಅಣ್ಣನಿಗಿಲ್ಲದ ನಾಲಗೆ. ಓನೆಯನ್ನು ಅವಳು ಇನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ನಿಮ್ಮೋರು" ಎನ್ನುತ್ತಿದ್ದಳು, ಅವನು ಎದುರಿಗೇ ಕೂತಿದ್ದರೂ.

ಓನೆ ಭೂಪಟ ನೋಡುತ್ತ ಕೂತಿದ್ದವನು ಕೇಳಿದ, "ನಮ್ಮ ದೋಣಿ ಎತ್ತರ ಎಷ್ಟು?"

ನಾನೂ ಹಿಸ್ಕೆಯೂ ಮುಖ ಮುಖ ನೋಡಿಕೊಂಡು ನಕ್ಕೆವು.

"ಆಳ ಕೇಳು, ಹೇಳ್ತೀನಿ. ಎತ್ತರ ಕಟ್ಕೊಂಡು ಏನ್ಮಾಡ್ತೀಯ?" ಎಂದೆ.

"ಸೇತುವೆ ಕೆಳಗೆ ಹೋಗ್ಬೇಕಲ್ಲ."

"ಸೇತುವೆ ಏಳುತ್ತಪ್ಪ," ಹಿಸ್ಕೆ ನನ್ನ ಕಡೆ ತಿರುಗಿ ಹೇಳಿದಳು. "ನಿಮ್ಮೋರಿಗೆ ಗೊತ್ತಿಲ್ವಾ? ಹಾರ್ನ್ ಹೊಡೆದ್ರೆ ಏಳುತ್ತೆ. ನಮ್ಮಣ್ಣ ಜೀವಮಾನವೆಲ್ಲ ಅದನ್ನೇ ಮಾಡಿದ್ದು."

ನಿಜ. ಗೊಸ್ಸೆ ನಮ್ಮೂರ ಸೇತುವೆ ಕಾಯುವವನಾಗಿದ್ದ. ದೋಣಿ ಬಂದರೆ ಗಂಟೆ ಬಾರಿಸಿ, ರಸ್ತೆಗೆ ಅಡ್ಡಪಟ್ಟಿ ಇಳಿಸಿ, ಸೇತುವೆ ಎತ್ತಿ, ಗಾಳದ ಕೋಲಿನ ತುದಿಗೆ ಕಟ್ಟಿದ ಮರದ ಬೂಟನ್ನು ಸುಂಕಕ್ಕಾಗಿ ದೋಣಿಯವರ ಮೂಗಿನ ಮುಂದೆ ತೂಗಿಬಿಡುವುದು ಅವನ ಕೆಲಸ. ಅವನ ಯೋಜನೆಯಲ್ಲಿ ಏನಿರಲಿಲ್ಲ? ಎಲ್ಲಿ ಒಳ್ಳೆ ಬ್ರೆಡ್ಡು, ಎಲ್ಲಿ ಡೀಸೆಲ್, ಯಾವ ಗೇಟಿನವರು ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕಿಕೊಳ್ಳುತ್ತಾರೆ, ಎಲ್ಲ ಬಾಯಿಪಾಠ. ಎತ್ತರ ಮಾತ್ರ ಇರಲಿಲ್ಲ. ಬೇರೆಯವರಿಗಾಗಿ ದಿನವೂ ಸೇತುವೆ ಎತ್ತಿದವನಿಗೆ ಏಳದೇ ಇರುವ ಸೇತುವೆಯೂ ಲೋಕದಲ್ಲಿದೆ ಎಂದು ಹೊಳೆದೇ ಇರಲಿಲ್ಲ. ನನಗೂ ಹೊಳೆದಿರಲಿಲ್ಲ, ನಾನೂ ಆ ಸೇತುವೆಯ ಬುಡದಲ್ಲೇ ಬಾಳಿದವಳು.

"ಅಲ್ಲಿರೋದು ಕಲ್ಲಿನ ಸೇತುವೆ ರೆನ್ಸ್ಕೆ," ಓನೆ ಮೆಲ್ಲಗೆ ಹೇಳಿದ. "ಕಲ್ಲು ಏಳಲ್ಲ."

ಮಾರನೆಯ ದಿನವೇ ಅವನು ಆ ಕಾಲುವೆಯ ಕಚೇರಿಗೆ ಫೋನು ಮಾಡಿದ. ಬಚ್ಚಲಿನ ಫ್ರೆಂಚಿನಲ್ಲಿ ಅದೆಷ್ಟು ಹೊತ್ತು ಹೆಣಗಿದನೋ, ಕೊನೆಗೆ ಅತಿ ತಗ್ಗಿನ ಸೇತುವೆಯ ಅಳತೆ ಸಿಕ್ಕಿತು. ಟೇಪು ಹಿಡಿದು ಇಬ್ಬರೂ ದೋಣಿ ಕೊಟ್ಟಿಗೆಗೆ ಹೋದೆವು. ಹಿಸ್ಕೆ ಕರೆಯದೆಯೇ ಬಂದಳು. ನೀರಿನ ಮಟ್ಟದಿಂದ ಚುಕ್ಕಾಣಿ ಗೂಡಿನ ಸೂರಿನವರೆಗೆ ಅಳೆದರೆ, ಸೇತುವೆಯ ನಡುವಿಗೂ ನಮ್ಮ ಸೂರಿಗೂ ನಾಲ್ಕು ಬೆರಳು ಅಂತರ ಉಳಿಯಿತು. ನನಗೆ ಕುಣಿಯುವಷ್ಟು ಖುಷಿ.

"ನಾಲ್ಕು ಬೆರಳು ಸಾಕಲ್ಲ. ಇನ್ನೇನು ಆನೆ ಹೋಗ್ಬೇಕಾ?"

"ಅದು ನಡುವಿನ ಲೆಕ್ಕ," ಎಂದ ಓನೆ. "ಕಮಾನಿನ ಸೇತುವೆ. ನಡು ಎತ್ತರ, ಬದಿ ತಗ್ಗು. ನಮ್ಮ ಗೂಡು ಪೆಟ್ಟಿಗೆ ಥರ ಚೌಕ. ನೆತ್ತಿ ಹೋಗುತ್ತೆ, ಹೆಗಲು ಹೋಗಲ್ಲ."

"ಸಾಮಾನು ತುಂಬಿದ ಮೇಲೆ ದೋಣಿ ಕೆಳಗೆ ಕೂರುತ್ತೆ," ಹಿಸ್ಕೆ ಹೇಳಿದಳು.

"ಡೀಸೆಲ್ ಖರ್ಚಾದ್ಮೇಲೆ ಮತ್ತೆ ಮೇಲೆ ಬರುತ್ತೆ," ಎಂದ ಅವನು. ಟೇಪನ್ನು ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡು, ನನ್ನ ಮುಖ ನೋಡದೆ ಮುಂದಿನ ಮಾತು ಹೇಳಿದ. "ಸೂರು ಒಂದು ಗೇಣು ಇಳಿಸ್ಬೇಕು."

ಇಲ್ಲಿ ಆ ಗೇಣಿನ ಕಥೆ ಹೇಳಲೇಬೇಕು. ನಾನು ಎತ್ತರದ ಹೆಂಗಸು. ಗೊಸ್ಸೆ ನನಗಿಂತ ಸರಿಯಾಗಿ ಒಂದು ಗೇಣು ಗಿಡ್ಡ. ಮದುವೆಯ ದಿನ ಊರವರೆಲ್ಲ, ಕಂಬಕ್ಕೆ ಲಾಟೀನು ನೇತುಹಾಕಿದ ಹಾಗಿದೆ ಎಂದು ನಕ್ಕಿದ್ದರು. ಬರಿಯ ಚಿಪ್ಪಾಗಿ ಬಿದ್ದಿದ್ದ ಉಕ್ಕಿನ ದೋಣಿಯೊಂದನ್ನು ತಂದು, ಅದಕ್ಕೆ ಎಂಜಿನ್ ಹಾಕಿ, ಓಕ್ ಮರದಲ್ಲಿ ಚುಕ್ಕಾಣಿ ಗೂಡು ಕಟ್ಟಿದವನು ಅವನೇ. ಹುಲ್ಲುಗಾವಲಿನ ಉದ್ದ ಕೊಕ್ಕಿನ ಹಕ್ಕಿಯ ಹೆಸರು ಇಟ್ಟ, ಸ್ಕ್ರೀಸ್ ಎಂದು. ಮೊದಲ ದಿನ ನಾನು ಚುಕ್ಕಾಣಿ ಹಿಡಿಯಲು ಒಳಗೆ ಕಾಲಿಟ್ಟವಳು ಸೂರಿಗೆ ಹಣೆ ಚಚ್ಚಿಕೊಂಡು ಬಾಯಿಗೆ ಬಂದ ಹಾಗೆ ಬೈದೆ. ಗೊಸ್ಸೆ ನಗಲಿಲ್ಲ. ಮರುವಾರವೇ ಸೂರು ಬಿಚ್ಚಿ, ಕಂಬ ಕಿಟಕಿ ಎಲ್ಲವನ್ನೂ ಒಂದು ಗೇಣು ಏರಿಸಿದ. "ನನ್ನ ದೋಣೀಲಿ ನೀನು ತಲೆ ಬಗ್ಗಿಸೋದು ಬೇಡ" ಎಂದ. ಅವನು ನನಗೆ ಹೂ ತಂದುಕೊಟ್ಟವನಲ್ಲ, ಮುದ್ದಿನ ಮಾತು ಆಡಿದವನಲ್ಲ. ಅವನು ಸತ್ತ ಮೇಲೆ ನನಗೆ ಉಳಿದದ್ದು ಆ ಒಂದು ಗೇಣು ಮರ. ಅದನ್ನು ಇನ್ನೊಬ್ಬನ ಕೈಗೆ ಗರಗಸ ಕೊಟ್ಟು ಕುಯ್ಯಿಸಲೇ?

"ಅಣ್ಣನ ಮರಕ್ಕೆ ಗರಗಸ ಮುಟ್ಟಿಸಿದ್ರೆ ನಾನು ದೋಣಿ ಮುಂದೆ ಅಡ್ಡ ಮಲಗ್ತೀನಿ," ಎಂದಳು ಹಿಸ್ಕೆ.

"ನೀನು ಅಡ್ಡ ಮಲಗೋ ಅಗತ್ಯ ಬೀಳಲ್ಲ," ಎಂದೆ. ಓನೆಯ ಕಡೆ ತಿರುಗಿದೆ. "ನಂಗೊತ್ತು ಕಣೋ ನಿಂಗೆ ಏನು ಚುಚ್ಚುತ್ತೆ ಅಂತ. ಅವನ ಮನೇಲಿ ಇದೀಯ, ಅವನ ಕುರ್ಚೀಲಿ ಕೂರ್ತೀಯ, ಅವನ ಗೆರೆ ಹಿಡ್ಕೊಂಡು ಹೋಗ್ಬೇಕು. ಅವನ ಸೂರಿನ ಕೆಳಗೆ ನಿಲ್ಲೋದು ಮಾತ್ರ ಆಗ್ತಿಲ್ಲ ಅಲ್ವಾ?"

ಓನೆಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. "ನಾನು ಕಲ್ಲಿನ ಮಾತಾಡ್ತಿದೀನಿ. ಗೊಸ್ಸೆ ಮಾತಲ್ಲ."

"ಎರಡೂ ಒಂದೇ."

ಅವನು ಜೇಬಿನ ಟೇಪನ್ನು ಮತ್ತೆ ಹೊರಗೆ ತೆಗೆದ. "ಸರಿ. ಆ ಸೇತುವೆ ಅಳತೆಗೆ ಮರದಲ್ಲಿ ಕಮಾನು ಕಟ್ತೀನಿ. ಹಿತ್ತಲ ಕಾಲುವೇಲಿ ನಿಲ್ಲಿಸ್ತೀನಿ. ನೀನೇ ದೋಣಿ ನಡೆಸು. ದಾಟಿದ್ರೆ ನಾನು ಬಾಯಿ ಹೊಲ್ಕೋತೀನಿ. ದಾಟದೇ ಇದ್ರೆ?"

"ದಾಟುತ್ತೆ."

"ದಾಟದೇ ಇದ್ರೆ, ರೆನ್ಸ್ಕೆ?"

"ದಾಟುತ್ತೆ ಅಂದ್ನಲ್ಲ."

"ದಾಟದೇ ಇದ್ದು, ಸೂರೂ ಇಳಿಸಲ್ಲ ಅಂದ್ರೆ ನಾನು ಬರಲ್ಲ," ಎಂದ. "ನಿನ್ನ ತಲೆ ಕಲ್ಲಿಗೆ ಹೊಡೆಯೋದನ್ನ ದೋಣಿ ಮೂತೀಲಿ ಕೂತು ನೋಡೋಕೆ ನಂಗೆ ಆಗಲ್ಲ."

ಅಂದರೆ ಪ್ರಯಾಣ ಹೋದರೆ ಹೋಗಲಿ ಎನ್ನುವ ಮಾತಲ್ಲ ಅದು. ಈ ವಯಸ್ಸಿನಲ್ಲಿ ಊರ ಬಾಯಿಗೆ ಬಿದ್ದು ಕಟ್ಟಿಕೊಂಡ ಸಂಸಾರ ನಿಲ್ಲುತ್ತದೋ ಮುರಿಯುತ್ತದೋ ಎಂಬ ಮಾತು. ನನಗೆ ಅರ್ಥವಾಯಿತು. ಆದರೂ ದೋಣಿಯ ಹಗ್ಗ ಬಿಗಿದು ಕಟ್ಟಿ ಮನೆಗೆ ನಡೆದೆ.

ಕಾಲುವೆಯ ಮೇಲಿನ ಹಿಮ ಕರಗುವವರೆಗೆ ಕಾದೆವು. ಆ ದಿನಗಳಲ್ಲಿ ಮನೆಯೊಳಗೆ ಚಮಚ ಇಟ್ಟ ಸದ್ದೂ ದೊಡ್ಡದಾಗಿ ಕೇಳುತ್ತಿತ್ತು. ಅವನು ಕೊಟ್ಟಿಗೆಯಲ್ಲಿ ರೀಪರು ಪಟ್ಟಿ ಬಗ್ಗಿಸಿ ಮೊಳೆ ಹೊಡೆಯುತ್ತಿದ್ದ, ನಾನು ಅಡುಗೆಮನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದೆ. ಫ್ರೆಂಚ್ ಕ್ಯಾಸೆಟ್ಟು ನಿಂತುಹೋಗಿತ್ತು.

ಮಾರ್ಚಿನ ಒಂದು ಬೆಳಿಗ್ಗೆ ಕಮಾನು ನೀರಿನಲ್ಲಿ ನಿಂತಿತು. ಕೆಸರಿಗೆ ಎರಡು ಕಂಬ ಹೂತು, ಅವುಗಳ ನಡುವೆ ಬಿಳಿ ಬಣ್ಣ ಹಚ್ಚಿದ ಪಟ್ಟಿಗಳನ್ನು ಬಿಲ್ಲಿನ ಹಾಗೆ ಬಗ್ಗಿಸಿದ್ದ. ನೋಡಿದರೆ ಮಕ್ಕಳ ಆಟದ ಹಾಗಿತ್ತು. ದಡದಲ್ಲಿ ಅರ್ಧ ಊರು ಥರ್ಮಾಸ್ ಹಿಡಿದು ಸೇರಿತ್ತು. ನಮ್ಮವರಿಗೆ ದೋಣಿ ಎಂದರೆ ಸಾಕು, ಚಳಿ ಗಾಳಿ ಒಂದೂ ಲೆಕ್ಕಕ್ಕಿಲ್ಲ. ಹಿಸ್ಕೆ ಎಲ್ಲರ ಮುಂದೆ ಕೈ ಕಟ್ಟಿ ನಿಂತಿದ್ದಳು.

ಸ್ಕ್ರೀಸ್‌ನ ಚುಕ್ಕಾಣಿ ಬಲಬದಿಗಿದೆ. ನಾನು ಅಲ್ಲಿ ನೆಟ್ಟಗೆ ನಿಂತೆ. ಎಂಜಿನ್ ಗುಟುರು ಹಾಕಿತು. ದೋಣಿಯನ್ನು ಕಾಲುವೆಯ ನಟ್ಟನಡುವೆ ತಂದು, ಅತಿ ನಿಧಾನಕ್ಕೆ ಬಿಟ್ಟೆ. ಬಿಳಿ ಕಮಾನು ಹತ್ತಿರ ಬಂತು. ಅದರ ನೆತ್ತಿ ನಮ್ಮ ಸೂರಿಗಿಂತ ಮೇಲಿದೆ ಎಂದು ಕಣ್ಣಿಗೇ ಕಾಣುತ್ತಿತ್ತು. ಮೂತಿ ಒಳಗೆ ಹೋಯಿತು, ಗೂಡಿನ ಮುಂದಿನ ಮುಂಗಟ್ಟೆ ಹೋಯಿತು. ನೋಡಿದೆಯಾ ಎಂದು ಮನಸ್ಸಿನಲ್ಲೇ ಓನೆಗೆ ಹೇಳಿಕೊಂಡೆ.

ಪಟ್ಟಿ ಮುರಿದ ಸದ್ದು ನನ್ನ ತಲೆಯ ಮೇಲೇ ಕೇಳಿಸಿತು. ದೋಣಿಗೆ ಬ್ರೇಕಿಲ್ಲ. ಹಿಂದಕ್ಕೆ ಎಳೆಯಲು ಎಂಜಿನ್ ತಿರುಗಿಸುವಷ್ಟರಲ್ಲಿ ಇನ್ನೆರಡು ಪಟ್ಟಿ ಲಟಲಟನೆ ಮುರಿದು ಕಿಟಕಿಯ ಮೇಲೆ ಬಿದ್ದವು. ದಡದಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಾಗುತ್ತಿತ್ತು.

"ಗಾಳಿ ತಳ್ಳಿತು," ಎಂದೆ ಹೊರಗೆ ತಲೆ ಹಾಕಿ.

"ಗಾಳಿ ಅಲ್ದೆ ಇನ್ನೇನು," ಎಂದಳು ಹಿಸ್ಕೆ.

ಓನೆ ತೊಡೆ ಮುಳುಗುವ ರಬ್ಬರ್ ಬೂಟು ಹಾಕಿಕೊಂಡು ನೀರಿಗಿಳಿದು ಹೊಸ ಪಟ್ಟಿ ಹೊಡೆದ. ಮತ್ತೆ ಬಂದೆ. ಈ ಸಲ ಗಾಳಿ ಬಿದ್ದಿತ್ತು, ನೀರು ಕನ್ನಡಿಯಾಗಿತ್ತು. ಮತ್ತೆ ಅದೇ ಜಾಗದಲ್ಲಿ ಮುರಿಯಿತು. ನನ್ನ ತಲೆ ಎಲ್ಲಿತ್ತೋ ಸರಿಯಾಗಿ ಅದರ ನೇರಕ್ಕೆ. ಓನೆ ತೇಲುತ್ತಿದ್ದ ಚೂರೊಂದನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಬಂದ.

"ಇದು ಪಟ್ಟಿ," ಎಂದ. "ಅಲ್ಲಿರೋದು ಕಲ್ಲು. ಇಷ್ಟೇ ನಾನು ಹೇಳೋದು."

"ನಿನಗೀಗ ಸಮಾಧಾನ ಆಯ್ತಾ?"

ಅವನು ಚೂರನ್ನು ನೀರಿಗೆ ಬಿಟ್ಟ. ಸಂಜೆಯೊಳಗೆ ತನ್ನ ಹಾಸಿಗೆ ಬಟ್ಟೆ ಸುತ್ತಿಕೊಂಡು, ಸೈಕಲ್ಲಿನ ಹಿಂದೆ ಕಟ್ಟಿ, ಊರ ತುದಿಯ ತನ್ನ ಗಾಜಿನ ಅಂಗಡಿಗೆ ಹೊರಟ. ನಮ್ಮೂರಿನಲ್ಲಿ ಯಾರ ಕಿಟಕಿಗೂ ಪರದೆ ಎಳೆಯುವ ರೂಢಿಯಿಲ್ಲ. ಇಡೀ ಬೀದಿ ಅವನು ಹೋದದ್ದನ್ನು ನೋಡಿತು.

ಮಾರನೆಯ ದಿನ ಹಿಸ್ಕೆ ಒಂದು ಪಾತ್ರೆ ಬಟಾಣಿ ಸೂಪು ಹಿಡಿದು ಬಂದಳು. ಅವಳ ನಡಿಗೆಯಲ್ಲೇ ಗೆಲುವಿತ್ತು.

"ಹೋದ್ರೆ ಹೋಗ್ಲಿ ಬಿಡೇ. ಆ ಫ್ರಾನ್ಸ್ ಯಾರಿಗೆ ಬೇಕು? ಬೇಸಿಗೇಲಿ ನಾನು ನೀನು ನಮ್ಮ ಕೆರೇಲೇ ಸುತ್ತಾಡೋಣ. ಇಲ್ಲಿ ಸೇತುವೆ ಏಳುತ್ತೆ."

"ಮನೆ ಬಾಡಿಗೆಗೆ ಕೊಟ್ಟಾಗಿದೆ."

"ನಮ್ಮನೇಲಿರು. ಅಣ್ಣನ ಕೋಣೆ ಹಾಗೇ ಇದೆ. ಅವನ ಹಳೇ ಮಂಚಾನೂ ಇದೆ."

ಸೂಪು ಚೆನ್ನಾಗಿತ್ತು, ನಾನು ಚಮಚ ಕೆಳಗಿಟ್ಟೆ. ಹಿಸ್ಕೆಯ ಮನೆಯ ಮಹಡಿ, ಗೊಸ್ಸೆ ಹುಡುಗನಾಗಿದ್ದಾಗ ಮಲಗುತ್ತಿದ್ದ ಮಂಚ, ಏಳುವ ಸೇತುವೆಗಳ ನಡುವೆ ಅವೇ ನಾಲ್ಕು ಕೆರೆಗಳು. ನನ್ನ ಮುಂದಿನ ಬದುಕೆಲ್ಲ ಒಂದೇ ಸಲಕ್ಕೆ ಕಣ್ಣ ಮುಂದೆ ಬಂತು. ಹೆದರಿಕೆಯಾಯಿತು. ಗಂಡ ಸತ್ತಾಗ ದುಃಖವಾಗಿತ್ತು, ಹೆದರಿಕೆಯಾಗಿರಲಿಲ್ಲ. ಇದು ಬೇರೆ.

ಅವಳು ಪಾತ್ರೆ ತೊಳೆಯುವುದಕ್ಕೆ ಎದ್ದಾಗ ನಾನು ಕೋಟು ಹಾಕಿಕೊಂಡು ದೋಣಿ ಕೊಟ್ಟಿಗೆಗೆ ಹೋದೆ. ಗೂಡಿನೊಳಗೆ ನಿಂತೆ. ಓಕ್ ಮರ, ಹಳೆಯ ಡೀಸೆಲ್ಲು, ವಾರ್ನಿಷ್, ಗೊಸ್ಸೆಯ ವಾಸನೆ ಎಂದರೆ ಇದೇ. "ಏನಪ್ಪ ಮಾಡ್ಲಿ?" ಎಂದು ಕೇಳಿದೆ, ಗಟ್ಟಿಯಾಗಿಯೇ. ಸತ್ತವರ ಜೊತೆ ಮಾತಾಡುವವಳಲ್ಲ ನಾನು, ಆದರೆ ಬೇರೆ ಯಾರ ಹತ್ತಿರ ಕೇಳಲಿ? ಕಾಲಿಗೆ ಏನೋ ತಗುಲಿತು. ಅದನ್ನು ಕಾಲಿನಿಂದ ಒದ್ದೆ. ಅದು ಗೋಡೆಗೆ ತಾಗಿ ಮತ್ತೆ ಜಾರಿ ಬಂದು ನಿಂತಿತು.

ಬಿಯರ್ ಬಾಟಲಿಯ ಹಳೆಯ ಮರದ ಪೆಟ್ಟಿಗೆ. ಗೊಸ್ಸೆಯದು. ಚುಕ್ಕಾಣಿಯ ಕೆಳಗೆ ಯಾವಾಗಲೂ ಬಿದ್ದಿರುತ್ತಿತ್ತು, ಬೆಕ್ಕು ಬಿದ್ದಿರುವ ಹಾಗೆ. ನನ್ನ ಕಾಲಿಗೆ ಸದಾ ಅಡ್ಡ ಬರುತ್ತಿತ್ತು, ಸದಾ ಒದೆಯುತ್ತಿದ್ದೆ. ಅದು ಯಾಕಿದೆ ಎಂದು ಯಾವತ್ತೂ ಯೋಚಿಸಿದವಳಲ್ಲ. ಅದನ್ನು ಮಗುಚಿ ಅದರ ಬೆನ್ನು ನೋಡಿದೆ. ಎರಡು ಮರದ ಬೂಟಿನ ಗುರುತು ಅಲ್ಲಿ ಬಟ್ಟಲಿನ ಹಾಗೆ ಸವೆದು ಕೂತಿತ್ತು.

ನನಗಾಗಿ ಸೂರು ಏರಿಸಿದಾಗ ಅವನು ಕಿಟಕಿಯನ್ನೂ ಏರಿಸಿದ್ದ. ಆಮೇಲೆ ತನ್ನದೇ ದೋಣಿಯಲ್ಲಿ ಮುಂದಿನ ದಾರಿ ಅವನಿಗೇ ಕಾಣುತ್ತಿರಲಿಲ್ಲ. ಅಷ್ಟು ವರ್ಷ ಪೆಟ್ಟಿಗೆ ಹತ್ತಿ ನಿಂತು ದೋಣಿ ನಡೆಸಿದ್ದ, ಒಂದು ದಿನವೂ ಬಾಯಿ ಬಿಟ್ಟು ಹೇಳದೆ. ನಾನು ಆ ಪೆಟ್ಟಿಗೆಯ ಮೇಲೆ ಕೂತು ಅತ್ತೆ. ಅಳು ನಿಂತ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಅಲ್ಲ, ಅವನ ಮೇಲೆಯೂ ಅಲ್ಲ, ಆ ಕಲ್ಲಿನ ಸೇತುವೆಯ ಮೇಲೆ. ಒಬ್ಬ ಗಂಡ ನನಗಾಗಿ ದಿನವೂ ಪೆಟ್ಟಿಗೆ ಹತ್ತಿದ. ಇನ್ನೊಬ್ಬ ಗಂಡ ನನ್ನ ತಲೆ ಒಡೆಯಬಾರದು ಎಂದು ಹಾಸಿಗೆ ಕಟ್ಟಿಕೊಂಡು ಹೋಗಿದ್ದಾನೆ. ಇವರಿಬ್ಬರ ನಡುವೆ ನಾನು ಮಾತ್ರ ಗೂಟ ಹೊಡೆದ ಹಾಗೆ ನೆಟ್ಟಗೆ ನಿಂತಿದ್ದೇನೆ.

ಕೊಟ್ಟಿಗೆಯ ಗೋಡೆಯ ಮೇಲಿದ್ದ ಗೊಸ್ಸೆಯ ಗರಗಸ ತೆಗೆದುಕೊಂಡು ಸೈಕಲ್ ಹತ್ತಿದೆ.

ಓನೆ ಮೇಜಿನ ಮೇಲೆ ಗಾಜು ಹಾಸಿಕೊಂಡು ವಜ್ರದ ಮೊನೆಯಿಂದ ಗೀರೆಳೆಯುತ್ತಿದ್ದ. ಆ ಹೊತ್ತಿನಲ್ಲಿ ಅವನನ್ನು ಮಾತಾಡಿಸುವ ಹಾಗಿಲ್ಲ, ಕೈ ಕದಲಿದರೆ ಗಾಜು ಕೆಟ್ಟಿತು. ಬಾಗಿಲಲ್ಲಿ ಗರಗಸ ಹಿಡಿದು ನಿಂತೆ. ಕೂಲಿಗೆ ಬಂದವಳಂತೆ ಕಾಣುತ್ತಿದ್ದೆನೋ, ಕೊಲೆಗೆ ಬಂದವಳಂತೆ ಕಾಣುತ್ತಿದ್ದೆನೋ. ಅವನು ಗೀರು ಮುಗಿಸಿ, ಗಾಜನ್ನು ಮೇಜಿನ ಅಂಚಿಗೆ ತಂದು, ಒಂದೇ ಸಲಕ್ಕೆ ಮುರಿದು ಆಮೇಲೆ ತಲೆಯೆತ್ತಿದ.

"ಎಷ್ಟು ಕುಯ್ಬೇಕು?" ಎಂದೆ.

"ಒಂದು ಗೇಣು."

"ಕುಯ್ದ್ರೆ ನಾನು ನಿಲ್ಲೋದು ಹೇಗೆ? ಕೂತ್ರೆ ದೋಣಿ ಮೂತಿ ಕಾಣಲ್ಲ."

ಅವನು ತಾನು ಆಗಷ್ಟೇ ಮುರಿದ ಗಾಜಿನ ಚೌಕವನ್ನು ಎತ್ತಿ ತೋರಿಸಿದ. ಆಗ ನೋಡಿದೆ, ಅದು ಯಾರ ಮನೆಯ ಕಿಟಕಿಯೂ ಅಲ್ಲ. ದಪ್ಪ ಗಾಜು, ನನ್ನ ಹೆಗಲಗಲ.

"ಚುಕ್ಕಾಣಿ ಮೇಲಕ್ಕೆ ಸರಿಯಾಗಿ ಸೂರಿಗೆ ಒಂದು ಕಿಂಡಿ. ಈ ಗಾಜು ಅದರ ಮುಚ್ಚಳ. ದಾರಿ ಬಯಲಾಗಿದ್ದಾಗ ಹಿಂದಕ್ಕೆ ಸರಿಸು, ತಲೆ ಆಚೆ ಹಾಕ್ಕೊಂಡು ರಾಣಿ ಥರ ನಿಂತ್ಕೋ. ಸೇತುವೆ ಬಂದಾಗ..." ಎಂದು ನಿಲ್ಲಿಸಿದ.

"ಬಂದಾಗ?"

"ಬಗ್ಗು. ಮುಚ್ಚಳ ಎಳ್ಕೋ. ಅಷ್ಟೇ."

"ನಾನು ಬರದೇ ಇದ್ದಿದ್ರೆ ಆ ಗಾಜು ಏನ್ಮಾಡ್ತಿದ್ದೆ?"

"ಕೋಳಿ ಗೂಡಿಗೆ ಹಾಕ್ತಿದ್ದೆ," ಎಂದ. ಗರಗಸ ಕೆಳಗಿಟ್ಟು ಅವನ ಕೈ ಹಿಡಿದುಕೊಂಡೆ.

ಗರಗಸ ಮೊದಲು ಹಿಡಿದವಳು ನಾನೇ, ಬೇರೆ ಯಾರಿಗೂ ಕೊಡಲಿಲ್ಲ. ಹಿಸ್ಕೆ ಹೇಳಿದ ಹಾಗೆ ಅಡ್ಡ ಮಲಗಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಬಂದು ನಿಂತು, ಕುಯ್ದ ಮರ ಕೆಳಗೆ ಬಿದ್ದಾಗಲೆಲ್ಲ ಆಯ್ದು ತನ್ನ ಉಡಿಗೆ ಹಾಕಿಕೊಂಡಳು. ನನ್ನ ಜೊತೆ ಮಾತು ಬಿಟ್ಟಿದ್ದಳು. ಪೆಟ್ಟಿಗೆ ಅವಳ ಕಾಲ ಮುಂದೆ ಇಟ್ಟು, ಬೂಟಿನ ಗುರುತು ತೋರಿಸಿದೆ. ಅವಳು ಆ ಗುರುತಿನ ಮೇಲೆ ಬೆರಳಾಡಿಸಿದಳು. ಆಮೇಲೆ ಅದನ್ನು ಕಂಕುಳಲ್ಲಿ ಇರುಕಿಕೊಂಡು, "ಓನೆ, ಆ ಕಡೆ ಮೂಲೆ ಇನ್ನೂ ಸ್ವಲ್ಪ ದುಂಡಗೆ ಮಾಡು, ತಾಗುತ್ತೆ" ಎಂದಳು. ಅವನ ಹೆಸರು ಅವಳ ಬಾಯಲ್ಲಿ ಮೊದಲ ಸಲ ಕೇಳಿದ್ದು ಅವತ್ತೇ.

ನರ್ಸ್ ಬರುವ ಹಿಂದಿನ ದಿನ ಮತ್ತೆ ಕಮಾನು ನಿಲ್ಲಿಸಿದೆವು. ಈ ಸಲ ಓನೆ ರೀಪರು ಪಟ್ಟಿ ಬಳಸಲಿಲ್ಲ. ಗಟ್ಟಿ ತೊಲೆಯನ್ನೇ ಕಮಾನಿಗೆ ಕಡೆದು ಬೋಲ್ಟು ಹಾಕಿದ್ದ. ನಾನೇ ಕೇಳಿದ್ದೆ. ಮುರಿಯುವ ಸೇತುವೆಯ ಕೆಳಗೆ ಬಗ್ಗುವುದನ್ನು ಕಲಿತರೆ ಕಲಿತ ಹಾಗಲ್ಲ. ದಡದಲ್ಲಿ ಮತ್ತೆ ಅದೇ ಅರ್ಧ ಊರು.

ಗಾಜಿನ ಮುಚ್ಚಳ ಸರಿಸಿ, ಕಿಂಡಿಯಿಂದ ತಲೆ ಆಚೆ ಹಾಕಿ ನಿಂತೆ. ಒಳ್ಳೆ ಬಿಸಿಲಿತ್ತು, ಗಾಳಿ ಕೆನ್ನೆಗೆ ಹೊಡೆಯಿತು. ಓನೆ ದೋಣಿಯ ಮೂತಿಯಲ್ಲಿ ನನ್ನ ಕಡೆ ಮುಖ ಮಾಡಿ, ಕಮಾನಿಗೆ ಬೆನ್ನು ಹಾಕಿ ಕೂತ. ನಾನು ಅವನ ಮುಖ ನೋಡಬೇಕು, ಅವನು ಹೇಳಿದಾಗ ಬಗ್ಗಬೇಕು ಎಂದು ಮಾತಾಗಿತ್ತು. ನಾನೇ ನೋಡಿಕೊಂಡು ಬಗ್ಗುತ್ತೇನೆ ಎಂದು ಜಗಳವಾಡಿದ್ದೆ. "ನಿಂತಿರೋ ಕಡೆಯಿಂದ ನಿನಗೆ ನಿನ್ನ ತಲೆ ಕಾಣಲ್ಲ" ಎಂದಿದ್ದ. ಕೊನೆಗೆ ಒಪ್ಪಿದ್ದೆ.

ಆದರೆ ಕಮಾನಿಗೆ ಬೆನ್ನು ಹಾಕಿ ಕೂತವನಿಗೆ ಅದು ಎಷ್ಟು ಹತ್ತಿರ ಬಂತು ಎಂದು ಹೇಗೆ ತಿಳಿಯುತ್ತದೆ? ದೋಣಿ ಹೊರಟ ಮೇಲೆ ನನಗೆ ಆ ಯೋಚನೆ ಬಂತು. ತೊಲೆ ಬೆಳೆಯುತ್ತ ಬಂತು. ಅವನ ಟೋಪಿಯ ಹಿಂದೆ ಅದರ ಕಪ್ಪು ಅಂಚು ಕಾಣಿಸಿತು. ಓನೆ ಕತ್ತು ತಿರುಗಿಸಲಿಲ್ಲ, ನನ್ನನ್ನೇ ನೋಡುತ್ತಿದ್ದ. ನನ್ನ ಹಣೆಯ ಮೇಲೆ ಏನೋ ಓದುವವನ ಹಾಗೆ ನೋಡುತ್ತಿದ್ದ. ಈಗ ಅವನು ಹೇಳಬೇಕು ಎಂದುಕೊಂಡೆ. ಹೇಳಲಿಲ್ಲ. ದಡದಲ್ಲಿ ಹಿಸ್ಕೆ ಬಾಯಿಗೆ ಕೈ ಇಟ್ಟುಕೊಂಡದ್ದು ಓರೆಗಣ್ಣಿಗೆ ಕಂಡಿತು. ಕುತ್ತಿಗೆ ಹಟ ಹಿಡಿದು ಗಟ್ಟಿಯಾಗಿತ್ತು. ಆಗ ಗೊತ್ತಾಯಿತು, ಅವನು ಅಳೆಯುತ್ತಿದ್ದದ್ದು ಕಮಾನಿನ ನೆರಳನ್ನು. ಅದು ಅವನನ್ನು ದಾಟಿ, ಮುಂಗಟ್ಟೆ ದಾಟಿ, ನನ್ನ ಕಡೆ ತೆವಳಿ ಬರುತ್ತಿತ್ತು.

"ಬಗ್ಗು," ಎಂದ ಓನೆ. ಕೂಗಲಿಲ್ಲ, ಉಪ್ಪು ಕೊಡು ಎನ್ನುವ ಹಾಗೆ ಹೇಳಿದ.

ಬಗ್ಗಿದೆ. ಮಂಡಿ ಮಡಿಸಿ, ತಲೆ ತಗ್ಗಿಸಿ, ಒಂದು ಕೈಯಲ್ಲಿ ಗಾಜು ಎಳೆದುಕೊಂಡು, ಇನ್ನೊಂದು ಕೈಯಲ್ಲಿ ಚುಕ್ಕಾಣಿ ಹಿಡಿದು. ತೊಲೆ ಗಾಜಿನ ಮೇಲೆ ನಾಲ್ಕು ಬೆರಳು ಅಂತರದಲ್ಲಿ ಸದ್ದಿಲ್ಲದೆ ಹಾದುಹೋಯಿತು. ಅದರ ಗರಗಸದ ಗೀರುಗಳೂ ಕಾಣಿಸಿದವು.

ಆಮೇಲೆ ಮುಂದೆ ನೋಡಿದೆ. ಕಿಟಕಿ ಈಗ ಒಂದು ಗೇಣು ಕೆಳಗಿತ್ತು, ನನ್ನ ಕಣ್ಣೂ ಒಂದು ಗೇಣು ಕೆಳಗಿತ್ತು. ಕಾಲುವೆಯ ಹುಲ್ಲಿನ ತುದಿಗಳು ಮೂಗಿನ ಮುಂದೆಯೇ ಹಾಯುತ್ತಿದ್ದವು, ನೀರು ತೀರ ಹತ್ತಿರವಿತ್ತು, ಆಚೆ ಊರ ಸೇತುವೆ ನಾನು ಯಾವತ್ತೂ ಕಾಣದಷ್ಟು ಎತ್ತರವಾಗಿ ಆಕಾಶಕ್ಕೆ ಹತ್ತಿಕೊಂಡಿತ್ತು. ಪೆಟ್ಟಿಗೆ ಹತ್ತುವುದಕ್ಕೆ ಮುಂಚೆ ಗೊಸ್ಸೆಗೆ ಲೋಕ ಕಾಣುತ್ತಿದ್ದದ್ದು ಹೀಗೆ. ಅಷ್ಟು ವರ್ಷ ಅವನ ಪಕ್ಕದಲ್ಲೇ ನಿಂತಿದ್ದವಳು ಅವನ ಕಣ್ಣಿನ ಎತ್ತರಕ್ಕೆ ಬಂದದ್ದು ಇವತ್ತು.

"ಆಯ್ತು, ಏಳು," ಮೂತಿಯಿಂದ ಓನೆ ಕರೆದ. "ದಾಟಿದ್ವಿ."

"ಇರು," ಎಂದೆ. "ಇನ್ನೊಂಚೂರು ಹೀಗೇ ಹೋಗೋಣ."